ನಿಮ್ಮ ಮೌಲ್ಯಗಳನ್ನು ಗೌರವಿಸುವ ಹಣಕಾಸು ಸಲಹೆಗಾರರನ್ನು ಆರಿಸಿಕೊಳ್ಳುವ ಬಗೆ

ತಂಬಾಕನ್ನು ಮನೆಯ ಹೊಸ್ತಿಲೊಳಗೆ ಬಿಡದ ಕುಟುಂಬವೊಂದು ತಿಂಗಳಿಗೆ ಐದು ಸಾವಿರ ರೂಪಾಯಿಯಂತೆ, ದೇಶದ 50 ದೊಡ್ಡ ಕಂಪನಿಗಳ ಷೇರುಗಳಿಂದಾದ ನಿಫ್ಟಿ 50 ಸೂಚ್ಯಂಕದ ಫಂಡ್‌ನಲ್ಲಿ ಉಳಿತಾಯ ಮಾಡುತ್ತಿದ್ದರೆ, ಆ ಹಣದ ಒಂದು ಪಾಲು ಸಿಗರೇಟು ತಯಾರಿಸುವ ಐಟಿಸಿ ಕಂಪನಿಯ ಷೇರಿಗೆ ಹೋಗಿರುತ್ತದೆ. ಬಡ್ಡಿ ತಮಗೆ ಸಲ್ಲದು ಎಂದು ಬ್ಯಾಂಕ್ ಠೇವಣಿಯಿಂದ ದೂರವಿದ್ದವರು ಅದೇ ಫಂಡನ್ನು ಕೊಂಡರೆ, ಅದರ ಸುಮಾರು ಮೂರನೇ ಒಂದು ಭಾಗ ಬ್ಯಾಂಕುಗಳಲ್ಲಿ ಮತ್ತು ಸಾಲ ಕೊಡುವ ಕಂಪನಿಗಳಲ್ಲಿಯೇ ಇರುತ್ತದೆ. ಷೇರು ಪೇಟೆಯ ಸಹವಾಸವೇ ಬೇಡವೆಂದು ಎಲ್‌ಐಸಿ ಪಾಲಿಸಿ ಮಾಡಿಸಿದವರ ಸ್ಥಿತಿಯೂ ಬೇರೆಯಲ್ಲ. ಐಟಿಸಿಯ ಷೇರುಗಳಲ್ಲಿ ಸುಮಾರು ಶೇ. 15ರಷ್ಟು ಎಲ್‌ಐಸಿಯ ಕೈಯಲ್ಲಿವೆ. ಸರ್ಕಾರಿ ವಿಮಾ ಸಂಸ್ಥೆಗಳು ತಂಬಾಕು ಕಂಪನಿಯಲ್ಲಿ ಹಣ ತೊಡಗಿಸುವುದನ್ನು ಪ್ರಶ್ನಿಸಿ 2017ರಲ್ಲಿ ಬಾಂಬೆ ಹೈಕೋರ್ಟ್‌ಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೂ ಸಲ್ಲಿಕೆಯಾಗಿತ್ತು.

ಇಂಥ ಹೂಡಿಕೆಗಳು ಕಾನೂನಿಗೆ ವಿರುದ್ಧವಲ್ಲ, ಅವುಗಳಲ್ಲಿ ಹಣ ಇಟ್ಟವರು ತಪ್ಪು ಮಾಡಿದರೆಂದೂ ಅಲ್ಲ. ಆದರೆ ತಾನು ಯಾವುದಕ್ಕೆ ಹಣ ಕೊಡುತ್ತಿದ್ದೇನೆ ಎಂದು ತಿಳಿದು ಕೊಡುವುದಕ್ಕೂ ತಿಳಿಯದೆ ಕೊಡುವುದಕ್ಕೂ ವ್ಯತ್ಯಾಸವಿದೆ, ಮತ್ತು ಆ ತಿಳಿವಳಿಕೆಯನ್ನು ಕೊಡಬೇಕಾದವರು ಸಲಹೆಗಾರರು. ಅವರು ನಿಮ್ಮ ಜಾತಿಯವರೋ ಮತದವರೋ ಆಗಿರಬೇಕಿಲ್ಲ, ನಿಮ್ಮ ನಂಬಿಕೆಗಳಲ್ಲಿ ಪಾಲುದಾರರೂ ಆಗಿರಬೇಕಿಲ್ಲ. ನೀವು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು, ಬರಹಕ್ಕೆ ಇಳಿಸಿ, ಅದರಿಂದ ನಿಮಗೆ ತಗಲುವ ಖರ್ಚನ್ನೂ ಅಪಾಯವನ್ನೂ ಮುಚ್ಚಿಡದೆ ಹೇಳಿ, ಅದರಂತೆಯೇ ನಡೆದುಕೊಳ್ಳುವವರಾಗಿದ್ದರೆ ಸಾಕು. ಅಂಥವರನ್ನು ಗುರುತಿಸುವ ಕ್ರಮವನ್ನು ಮುಂದೆ ವಿವರಿಸಲಾಗಿದೆ.

ಮೊದಲು ನಿಮ್ಮ ನಿಯಮಗಳನ್ನು ಬರೆದುಕೊಳ್ಳಿ

ಸಲಹೆಗಾರರನ್ನು ಹುಡುಕಲು ಹೊರಡುವ ಮುನ್ನ ಮನೆಯವರೆಲ್ಲ ಕೂತು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕಾದ ಸಂಗತಿಗಳಿವೆ. ಯಾವ ಉದ್ದಿಮೆಯಲ್ಲಿ ನಿಮ್ಮ ಹಣ ಇರಲೇಬಾರದು ಎಂಬುದು ಮೊದಲನೆಯದು. ಮದ್ಯ, ತಂಬಾಕು, ಜೂಜು, ಮಾಂಸ ಮತ್ತು ಚರ್ಮದ ವ್ಯಾಪಾರ, ಶಸ್ತ್ರಾಸ್ತ್ರ, ಕಲ್ಲಿದ್ದಲು, ಬಡ್ಡಿ ವ್ಯವಹಾರ ಹೀಗೆ ಒಬ್ಬೊಬ್ಬರ ಪಟ್ಟಿ ಒಂದೊಂದು ತೆರನಾಗಿರುತ್ತದೆ. ಅಹಿಂಸೆಯನ್ನು ಬಾಳಿನ ನಿಯಮವಾಗಿ ಪಾಲಿಸುವ ಜೈನ ಕುಟುಂಬದ ಪಟ್ಟಿಯಲ್ಲಿ ಕೀಟನಾಶಕ ತಯಾರಿಸುವ ಕಂಪನಿಯೂ ಇರಬಹುದು. ಪರಿಸರದ ಬಗ್ಗೆ ಕಾಳಜಿ ಇರುವ ಯುವಕರ ಪಟ್ಟಿಯಲ್ಲಿ ಅದೇ ಕಂಪನಿ ಬೇರೆ ಕಾರಣಕ್ಕೆ ಇರಬಹುದು.

ಪಟ್ಟಿ ಮಾಡುವುದು ಸುಲಭ, ಗೆರೆ ಎಳೆಯುವುದು ಕಷ್ಟ. ಮದ್ಯ ತಯಾರಿಸುವ ಕಂಪನಿ ಬೇಡವೆಂದರೆ ಮದ್ಯ ಮಾರುವ ಹೋಟೆಲುಗಳ ಕಂಪನಿ ಬೇಕೇ? ಮದ್ಯದ ಕಂಪನಿಗೆ ಬಾಟಲಿ ಪೂರೈಸುವ ಗಾಜಿನ ಕಾರ್ಖಾನೆ ಆಗಬಹುದೇ? ತಂಬಾಕಿನ ವಿಷಯವೂ ನಮ್ಮ ನಾಡಿನಲ್ಲಿ ಸರಳವಾಗಿಲ್ಲ. ಹುಣಸೂರು, ಪಿರಿಯಾಪಟ್ಟಣದ ಸಾವಿರಾರು ರೈತರು ತಂಬಾಕು ಬೆಳೆದು ಬದುಕುತ್ತಾರೆ, ಕರಾವಳಿಯಲ್ಲಿ ಬೀಡಿ ಕಟ್ಟಿದ ಹಣದಿಂದ ಮಕ್ಕಳನ್ನು ಓದಿಸಿದ ತಾಯಂದಿರಿದ್ದಾರೆ. ಅಂಥ ಮನೆಯಿಂದ ಬಂದವರು ತಮ್ಮ ಗೆರೆಯನ್ನು ಬೇರೆ ಕಡೆ ಎಳೆದರೆ ಅದನ್ನು ತಪ್ಪೆನ್ನುವ ಅಧಿಕಾರ ಯಾರಿಗೂ ಇಲ್ಲ. ಸಂಪೂರ್ಣ ನಿಷೇಧವೋ, ಕಂಪನಿಯ ಒಟ್ಟು ಆದಾಯದಲ್ಲಿ ಶೇ. 5ರ ಒಳಗಿದ್ದರೆ ಸಹಿಸಬಹುದೋ, ಮುಖ್ಯ ಉದ್ಯಮ ಅದಲ್ಲದಿದ್ದರೆ ಸರಿಯೋ ಎಂಬುದನ್ನು ನೀವೇ ತೀರ್ಮಾನಿಸಿ ಬರೆಯಿರಿ. ಇಷ್ಟು ಸ್ಪಷ್ಟತೆ ಇಲ್ಲದೆ ಹೋದರೆ ಎಷ್ಟೇ ಒಳ್ಳೆಯ ಸಲಹೆಗಾರರಾದರೂ ನಿಮ್ಮ ಪರವಾಗಿ ಊಹೆ ಮಾಡಬೇಕಾಗುತ್ತದೆ.

ಮೌಲ್ಯವೆಂದರೆ ಬೇಡವಾದವುಗಳ ಪಟ್ಟಿ ಮಾತ್ರವೂ ಅಲ್ಲ. ದುಡಿಮೆಯ ಒಂದು ಪಾಲು ದಾಸೋಹಕ್ಕೆ, ಊರ ಶಾಲೆಗೆ ಅಥವಾ ಇಸ್ಲಾಮಿನ ಕಡ್ಡಾಯ ದಾನವಾದ ಝಕಾತ್‌ಗೆ ಮೀಸಲು ಎಂಬುದು, ಏನೇ ಆದರೂ ಅಜ್ಜ ಬಿಟ್ಟುಹೋದ ಅಡಿಕೆ ತೋಟವನ್ನು ಮಾರುವುದಿಲ್ಲ ಎಂಬುದು, ಮನೆ ಕಟ್ಟಿದರೂ ಸಾಲ ಮಾಡಿ ಕಟ್ಟುವುದಿಲ್ಲ ಎಂಬುದು, ವಯಸ್ಸಾದ ಅತ್ತೆ ಮಾವಂದಿರ ಔಷಧದ ಖರ್ಚು ಮಕ್ಕಳ ವಿದೇಶ ವ್ಯಾಸಂಗಕ್ಕಿಂತ ಮೊದಲು ಎಂಬುದು ಇವೆಲ್ಲ ಮೌಲ್ಯಗಳೇ. ಮಗನಿಗೂ ಮಗಳಿಗೂ ಸಮಪಾಲು ಎಂಬ ನಿರ್ಧಾರವನ್ನೂ ಈ ಹಾಳೆಯಲ್ಲಿ ಬರೆಯಿರಿ. ಕರ್ನಾಟಕದ ಕಾನೂನು 1994ರಲ್ಲಿಯೇ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಬರುವ ಹಕ್ಕನ್ನು ಕೊಟ್ಟಿದ್ದರೂ, ನಾಮನಿರ್ದೇಶನದ ಅರ್ಜಿ ತುಂಬುವಾಗ ಮಗನ ಹೆಸರಷ್ಟೇ ಬರೆಯುವ ಅಭ್ಯಾಸ ಇನ್ನೂ ಹೋಗಿಲ್ಲ. ಗಂಡ ಹೆಂಡತಿಯ ಅಭಿಪ್ರಾಯ ಬೇರೆಯಾಗಿದ್ದರೆ ಎರಡನ್ನೂ ಬರೆಯಿರಿ. ಅದನ್ನು ಮುಚ್ಚಿಟ್ಟು ಒಬ್ಬರ ಮಾತನ್ನೇ ಮನೆಯ ಮಾತೆಂದು ಸಲಹೆಗಾರರಿಗೆ ಹೇಳುವುದರಿಂದ ಮುಂದೆ ತೊಂದರೆಯಾಗುತ್ತದೆ.

ಸಲಹೆ ಕೊಡುವವರಿಗೆ ಹಣ ಎಲ್ಲಿಂದ ಬರುತ್ತದೆ ಎಂದು ತಿಳಿಯಿರಿ

ನಮ್ಮಲ್ಲಿ ಹಣದ ಸಲಹೆ ಕೊಡುವವರು ಹಲವು ಬಗೆಯವರು, ಮತ್ತು ಅವರ ಹೊಣೆಗಾರಿಕೆಯೂ ಬೇರೆ ಬೇರೆ. ವಿಮಾ ಏಜೆಂಟರು ಪಾಲಿಸಿ ಮಾರಿದಾಗ ವಿಮಾ ಕಂಪನಿಯಿಂದ ಕಮಿಷನ್ ಪಡೆಯುತ್ತಾರೆ. ಮ್ಯೂಚುವಲ್ ಫಂಡ್ ವಿತರಕರು ಎಆರ್‌ಎನ್ ಎಂಬ ನೋಂದಣಿ ಸಂಖ್ಯೆ ಹೊಂದಿರುತ್ತಾರೆ, ಮತ್ತು ನೀವು ವಿತರಕರ ಮೂಲಕ ಕೊಳ್ಳುವ ರೆಗ್ಯುಲರ್ ಪ್ಲಾನ್‌ನಲ್ಲಿ ಹಣ ಇಟ್ಟಷ್ಟು ಕಾಲವೂ ಫಂಡ್ ಕಂಪನಿ ಅವರಿಗೆ ಕಮಿಷನ್ ಕೊಡುತ್ತಿರುತ್ತದೆ. ಬ್ಯಾಂಕಿನ ರಿಲೇಶನ್‌ಶಿಪ್ ಮ್ಯಾನೇಜರ್ ಎಷ್ಟೇ ವಿನಯದಿಂದ ಮಾತನಾಡಿದರೂ, ಆ ಬ್ಯಾಂಕು ಮಾರುವ ವಿಮೆ ಮತ್ತು ಫಂಡ್‌ಗಳನ್ನು ಮಾರುವುದೇ ಅವರ ಕೆಲಸ. ಇವರೆಲ್ಲರಿಂದ ಭಿನ್ನವಾದವರು ಷೇರು ಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯಲ್ಲಿ ನೋಂದಾಯಿಸಿಕೊಂಡ ಹೂಡಿಕೆ ಸಲಹೆಗಾರರು, ಅಂದರೆ ಆರ್‌ಐಎಗಳು. 2013ರ ಸೆಬಿ ನಿಯಮಾವಳಿಯ ಪ್ರಕಾರ ಅವರು ಗ್ರಾಹಕರ ಹಿತವನ್ನು ತಮ್ಮ ಹಿತಕ್ಕಿಂತ ಮುಂದಿಡಲು ಬದ್ಧರು. ಸಲಹೆಗೆ ಶುಲ್ಕವನ್ನು ನಿಮ್ಮಿಂದಲೇ ಪಡೆಯಬೇಕು, ಸಲಹೆ ಪಡೆಯುವ ಕುಟುಂಬಕ್ಕೇ, ತಮಗೆ ಕಮಿಷನ್ ಬರುವ ಫಂಡನ್ನು ಮಾರುವಂತಿಲ್ಲ.

ಮೌಲ್ಯದ ಪ್ರಶ್ನೆಗೂ ಇದಕ್ಕೂ ನೇರ ಸಂಬಂಧವಿದೆ. ನಿಮ್ಮ ನಿಯಮಕ್ಕೆ ಹೊಂದುವ ಫಂಡ್ ಒಂದೋ ಎರಡೋ ಇದ್ದು, ಅವುಗಳಲ್ಲಿ ಕಮಿಷನ್ ಕಡಿಮೆ ಇದ್ದಾಗ, ಕಮಿಷನ್‌ನಿಂದ ಬದುಕುವವರಿಗೆ ನಿಮ್ಮ ನಿಯಮ ಒಂದು ಅಡ್ಡಿಯಾಗಿ ಕಾಣುವುದು ಸಹಜ. ಹಣದ ಲೆಕ್ಕವನ್ನೂ ನೋಡಿ. ಹತ್ತು ಲಕ್ಷ ರೂಪಾಯಿ ವರ್ಷಕ್ಕೆ ಶೇ. 12ರಂತೆ ಬೆಳೆದರೆ 20 ವರ್ಷಕ್ಕೆ ಸುಮಾರು 96 ಲಕ್ಷವಾಗುತ್ತದೆ, ವರ್ಷಕ್ಕೆ ಶೇ. 1ರಷ್ಟು ಖರ್ಚಿಗೆ ಹೋಗಿ ಶೇ. 11ರಂತೆ ಬೆಳೆದರೆ ಸುಮಾರು 80 ಲಕ್ಷವಾಗುತ್ತದೆ. ಬೆಳವಣಿಗೆಯ ದರ ಇಲ್ಲಿ ಉದಾಹರಣೆಗೆ ಇಟ್ಟುಕೊಂಡದ್ದು, ಅಂತರದ ಗಾತ್ರ ಮಾತ್ರ ನಿಜ. 2013ರ ಜನವರಿಯಿಂದ ಎಲ್ಲ ಫಂಡ್‌ಗಳಲ್ಲೂ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್ ಲಭ್ಯವಿದ್ದು, ಶುಲ್ಕ ಪಡೆಯುವ ಸಲಹೆಗಾರರು ಸಾಮಾನ್ಯವಾಗಿ ಅವನ್ನೇ ಸೂಚಿಸುತ್ತಾರೆ.

ಹಾಗೆಂದು ಎಲ್ಲರಿಗೂ ಆರ್‌ಐಎ ಬೇಕೇಬೇಕು ಎನ್ನಲಾಗದು. ಇಡೀ ದೇಶದಲ್ಲಿ ಅವರ ಸಂಖ್ಯೆ ಸಾವಿರದ ಆಸುಪಾಸಿನಲ್ಲಿದೆ, ಬಹುತೇಕರು ದೊಡ್ಡ ನಗರಗಳಲ್ಲಿದ್ದಾರೆ. ತಿಂಗಳಿಗೆ ಎರಡು ಮೂರು ಸಾವಿರ ಉಳಿಸುವ ಮನೆಗೆ ವರ್ಷಕ್ಕೆ ಹತ್ತಾರು ಸಾವಿರ ಶುಲ್ಕ ಹೊರೆಯೇ. ಅಂಥವರು ತಮ್ಮ ಊರಿನ ಪ್ರಾಮಾಣಿಕ ಫಂಡ್ ವಿತರಕರೊಬ್ಬರಲ್ಲಿ, ಅವರು ಪಡೆಯುವ ಕಮಿಷನ್ ಎಷ್ಟೆಂದು ಕೇಳಿ ತಿಳಿದು, ತಮ್ಮ ನಿಯಮಗಳ ಹಾಳೆಯನ್ನು ಕೊಟ್ಟು ವ್ಯವಹರಿಸಬಹುದು. ಕಮಿಷನ್ ಪಡೆಯುವುದು ಅವಮಾನದ ಸಂಗತಿಯಲ್ಲ, ಅದನ್ನು ಮರೆಮಾಚುವುದು ತಪ್ಪು.

ನೋಂದಣಿಯನ್ನು ನೀವೇ ಪರಿಶೀಲಿಸಿ

ಸೆಬಿಯ ಜಾಲತಾಣದಲ್ಲಿ ನೋಂದಾಯಿತ ಮಧ್ಯವರ್ತಿಗಳ ಪಟ್ಟಿ ಇದ್ದು, ಹೂಡಿಕೆ ಸಲಹೆಗಾರರ ವಿಭಾಗದಲ್ಲಿ ಹೆಸರು ಅಥವಾ ನೋಂದಣಿ ಸಂಖ್ಯೆಯಿಂದ ಹುಡುಕಬಹುದು. ಅವರ ಸಂಖ್ಯೆ ಐಎನ್‌ಎ ಎಂಬ ಮೂರು ಅಕ್ಷರಗಳಿಂದ ಆರಂಭವಾಗುತ್ತದೆ. ಐಎನ್‌ಎಚ್ ಎಂದಿದ್ದರೆ ಅವರು ಸಂಶೋಧನಾ ವಿಶ್ಲೇಷಕರು, ಅಂದರೆ ಷೇರುಗಳ ಬಗ್ಗೆ ಅಭಿಪ್ರಾಯ ಕೊಡಬಲ್ಲರು, ನಿಮ್ಮ ಮನೆಯ ಪರಿಸ್ಥಿತಿ ನೋಡಿ ಯೋಜನೆ ಮಾಡಿಕೊಡುವವರಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಪ್ರಮಾಣಪತ್ರದ ಚಿತ್ರವನ್ನು ನಂಬಬೇಡಿ, ಏಕೆಂದರೆ ಇನ್ನೊಬ್ಬರ ನಿಜವಾದ ಸಂಖ್ಯೆಯನ್ನು ಕದ್ದು ಹಾಕಿಕೊಂಡು ವಂಚಿಸುವವರಿದ್ದಾರೆ. ಸೆಬಿಯ ಪಟ್ಟಿಯಲ್ಲಿರುವ ದೂರವಾಣಿ ಅಥವಾ ಇಮೇಲ್ ವಿಳಾಸಕ್ಕೇ ನೀವಾಗಿ ಸಂಪರ್ಕಿಸಿ, ಮಾತನಾಡುತ್ತಿರುವವರು ಅವರೇ ಎಂದು ಖಚಿತಪಡಿಸಿಕೊಳ್ಳಿ.

ನೋಂದಾಯಿತ ಸಲಹೆಗಾರರು ತಮ್ಮ ಜಾಲತಾಣದಲ್ಲಿ ಪ್ರತಿ ತಿಂಗಳು ಬಂದ ದೂರುಗಳ ಸಂಖ್ಯೆಯನ್ನು ಪ್ರಕಟಿಸಬೇಕೆಂಬ ನಿಯಮವಿದೆ, ಅದನ್ನೂ ನೋಡಿ. 2024ರ ತಿದ್ದುಪಡಿಯ ನಂತರ ಬೇರೆ ವೃತ್ತಿಯ ಜೊತೆಗೆ ಅರೆಕಾಲಿಕವಾಗಿ ಈ ಕೆಲಸ ಮಾಡುವವರಿಗೂ ನೋಂದಣಿ ದೊರೆಯುತ್ತಿರುವುದರಿಂದ, ಪೂರ್ಣಾವಧಿಯವರೇ ಎಂದು ಕೇಳುವುದು ಒಳ್ಳೆಯದು.

ಮೊದಲ ಭೇಟಿಯಲ್ಲಿ

ಕನಿಷ್ಠ ಇಬ್ಬರು ಮೂವರನ್ನು ಭೇಟಿ ಮಾಡಿದ ಮೇಲೆ ನಿರ್ಧರಿಸಿ. ಮೊದಲ ಭೇಟಿಗೆ ನಿಯಮಗಳ ಹಾಳೆಯನ್ನು ಒಯ್ಯಿರಿ, ಆದರೆ ಕೂತ ಕೂಡಲೇ ಕೊಡಬೇಡಿ. ಅವರು ತಾವಾಗಿ ಏನು ಕೇಳುತ್ತಾರೆ ಎಂದು ಹದಿನೈದು ನಿಮಿಷ ಗಮನಿಸಿ. ಆದಾಯ, ಸಾಲ, ವಿಮೆ, ಅವಲಂಬಿತರು, ಹಣ ಯಾವಾಗ ಯಾತಕ್ಕೆ ಬೇಕು ಎಂಬುದನ್ನು ಕೇಳುವುದು ನಿಯಮದ ಪ್ರಕಾರ ಅವರ ಕರ್ತವ್ಯ; ನಷ್ಟ ತಾಳುವ ನಿಮ್ಮ ಶಕ್ತಿಯನ್ನು ಅಳೆಯದೆ ಸಲಹೆ ಕೊಡುವಂತಿಲ್ಲ. ಅದರ ಜೊತೆಗೆ, ‘ನಿಮ್ಮ ಹಣ ಇಂಥಲ್ಲಿ ಇರಬಾರದು ಎಂಬುದೇನಾದರೂ ಇದೆಯೇ’ ಎಂದು ತಾವಾಗಿಯೇ ಕೇಳುವವರು ಸಿಕ್ಕರೆ ಅವರ ಹೆಸರಿನ ಮುಂದೆ ಒಂದು ಗುರುತು ಹಾಕಿಕೊಳ್ಳಿ.

ನಂತರ ಹಾಳೆಯನ್ನು ಕೊಟ್ಟು ಅವರ ಪ್ರತಿಕ್ರಿಯೆಯನ್ನು ನೋಡಿ. ‘ಇದೆಲ್ಲ ನೋಡಿದರೆ ದುಡ್ಡು ಮಾಡಲಾಗುವುದಿಲ್ಲ ಸರ್’ ಎಂದು ತಳ್ಳಿಹಾಕುವವರು ನಿಮಗೆ ತಕ್ಕವರಲ್ಲ. ‘ಅಯ್ಯೋ, ಅದೇನು ಮಹಾ, ಎಲ್ಲ ಆಗುತ್ತದೆ, ನನಗೆ ಬಿಡಿ’ ಎಂದು ತಕ್ಷಣ ಒಪ್ಪುವವರ ಬಗ್ಗೆ ಇನ್ನಷ್ಟು ಎಚ್ಚರ ಬೇಕು, ಏಕೆಂದರೆ ಅವರು ಹಾಳೆಯನ್ನು ಓದಿಯೇ ಇರುವುದಿಲ್ಲ. ಸರಿಯಾದವರು ಮರುಪ್ರಶ್ನೆ ಹಾಕುತ್ತಾರೆ: ಹೋಟೆಲು ಕಂಪನಿ ಆಗಬಹುದೇ, ಈಗಾಗಲೇ ಇರುವ ಎಲ್‌ಐಸಿ ಪಾಲಿಸಿಯನ್ನು ಏನು ಮಾಡೋಣ, ಇಪಿಎಫ್‌ಗೆ ಬಡ್ಡಿ ಬರುತ್ತದಲ್ಲ, ಅದನ್ನು ಹೇಗೆ ನೋಡುತ್ತೀರಿ, ತೋಟ ಮಾರುವುದಿಲ್ಲವೆಂದರೆ ಮಗಳ ಓದಿಗೆ ಹಣ ಕಡಿಮೆ ಬಿದ್ದಾಗ ಯಾವುದನ್ನು ಮೊದಲು ಬಿಡುತ್ತೀರಿ. ಇಂಥ ಪ್ರಶ್ನೆಗಳಿಂದ ನಿಮಗೆ ಸ್ವಲ್ಪ ಕಿರಿಕಿರಿಯಾದರೂ ಅದು ಶುಭಸೂಚನೆಯೇ.

ನೀವು ಕೇಳಬೇಕಾದ ಪ್ರಶ್ನೆಗಳೂ ಇವೆ. ‘ನನ್ನಂಥ ನಿಯಮವಿರುವ ಗ್ರಾಹಕರಿಗೆ ಈ ಹಿಂದೆ ಯಾವ ರೀತಿ ಯೋಜನೆ ಮಾಡಿದ್ದೀರಿ, ಹೆಸರು ಹೇಳದೆ ವಿವರಿಸಿ’ ಎಂದು ಕೇಳಿ. ‘ಈ ನಿಯಮಗಳಿಂದ ನನಗೆ ಆಗಬಹುದಾದ ನಷ್ಟವೇನು’ ಎಂದು ಕೇಳಿ. ನಷ್ಟವೇ ಇಲ್ಲ ಎನ್ನುವ ಉತ್ತರ ಸುಳ್ಳು. ‘ನಿಮಗೆ ನನ್ನಿಂದಲ್ಲದೆ ಬೇರೆ ಎಲ್ಲಿಂದಲಾದರೂ, ವಿಮೆಯಿಂದಲೂ ಸೇರಿ, ಆದಾಯ ಬರುತ್ತದೆಯೇ’ ಎಂಬ ಪ್ರಶ್ನೆಗೆ ಲಿಖಿತ ಉತ್ತರ ಪಡೆಯಿರಿ. ನಿರ್ದಿಷ್ಟ ಲಾಭದ ಭರವಸೆ ಕೊಟ್ಟರೆ ಅಲ್ಲಿಗೆ ಮಾತು ನಿಲ್ಲಿಸಿ ಎದ್ದು ಬನ್ನಿ, ಏಕೆಂದರೆ ಅಂಥ ಭರವಸೆ ಕೊಡುವುದನ್ನು ಸೆಬಿ ನಿಷೇಧಿಸಿದೆ.

ದಂಪತಿ ಜೊತೆಯಾಗಿ ಹೋಗಿದ್ದರೆ ಸಲಹೆಗಾರರ ದೃಷ್ಟಿ ಯಾರ ಕಡೆಗಿದೆ ಎಂಬುದನ್ನೂ ಗಮನಿಸಿ. ದುಡಿಯುವವರು ಹೆಂಡತಿಯಾಗಿದ್ದರೂ ಉತ್ತರವನ್ನೆಲ್ಲ ಗಂಡನಿಗೆ ಹೇಳುವ ಸಲಹೆಗಾರರು ನಾಳೆ ಆಕೆಯ ಮೌಲ್ಯಗಳಿಗೆ ಬೆಲೆ ಕೊಡುತ್ತಾರೆ ಎಂದು ನಂಬಲು ಕಾರಣವಿಲ್ಲ. ಭಾಷೆಯೂ ಅಷ್ಟೇ ಮುಖ್ಯ. ಒಪ್ಪಂದದ ಕಾಗದಗಳು ಬಹುಪಾಲು ಇಂಗ್ಲಿಷಿನಲ್ಲಿರುತ್ತವೆ. ಅದರ ಒಂದೊಂದು ಷರತ್ತನ್ನೂ ಕನ್ನಡದಲ್ಲಿ ತಿಳಿಯುವಂತೆ ಬಿಡಿಸಿ ಹೇಳಿ ಎಂದು ಕೇಳುವುದು ನಿಮ್ಮ ಹಕ್ಕು, ಹಾಗೆ ಕೇಳಿದಾಗ ಬೇಸರಿಸುವವರಲ್ಲಿ ಮನೆಯ ಹಿರಿಯರ ಜೀವಮಾನದ ಉಳಿತಾಯವನ್ನು ಒಪ್ಪಿಸಬಾರದು.

ನಿಯಮಕ್ಕೆ ಹೊಂದುವ ದಾರಿಗಳು ಮತ್ತು ಅವುಗಳ ಬೆಲೆ

ಸಲಹೆಗಾರರು ಮುಂದಿಡುವ ದಾರಿಗಳ ಸ್ವರೂಪ ನಿಮಗೂ ಒಂದಿಷ್ಟು ಗೊತ್ತಿದ್ದರೆ ಮಾತುಕತೆ ಹಗುರವಾಗುತ್ತದೆ. ಪರಿಸರ, ಸಮಾಜ ಮತ್ತು ಆಡಳಿತದ ಗುಣಮಟ್ಟ ನೋಡಿ ಹೂಡುವ ಇಎಸ್‌ಜಿ ಫಂಡ್‌ಗಳನ್ನು ಸೆಬಿ 2023ರ ಜುಲೈನಲ್ಲಿ ಆರು ಬಗೆಯ ಕಾರ್ಯತಂತ್ರಗಳಾಗಿ ವಿಂಗಡಿಸಿತು. ಇವುಗಳಲ್ಲಿ ಕೆಲವು ಉದ್ದಿಮೆಗಳನ್ನು ಹೊರಗಿಡುವುದನ್ನೇ ಮುಖ್ಯ ತಂತ್ರವಾಗಿಸಿಕೊಂಡದ್ದು ಒಂದು ಬಗೆ ಮಾತ್ರ. ಉಳಿದವುಗಳಲ್ಲಿ, ನೀರಿನ ಬಳಕೆ, ಮರ ನೆಡುವಿಕೆ, ಉತ್ತಮ ಆಡಳಿತಗಳಿಗಾಗಿ ಹೆಚ್ಚು ಅಂಕ ಗಳಿಸಿದ ತಂಬಾಕು ಕಂಪನಿಯೂ ಜಾಗ ಪಡೆಯಬಹುದು. ಆದ್ದರಿಂದ ಹೆಸರಿನಲ್ಲಿ ಇಎಸ್‌ಜಿ ಇದೆಯೆಂದು ತೃಪ್ತರಾಗದೆ, ಆ ಫಂಡ್ ಹೊಂದಿರುವ ಷೇರುಗಳ ಪಟ್ಟಿಯನ್ನು ತೆರೆದು ನಿಮ್ಮ ಹಾಳೆಯೊಂದಿಗೆ ಹೋಲಿಸಿ. ಫಂಡ್ ಕಂಪನಿಗಳು ತಿಂಗಳು ಮುಗಿದ ಹತ್ತು ದಿನಗಳೊಳಗೆ ಈ ಪಟ್ಟಿಯನ್ನು ತಮ್ಮ ಜಾಲತಾಣದಲ್ಲಿ ಪ್ರಕಟಿಸಲೇಬೇಕು. ಸಲಹೆಗಾರರನ್ನು ಈ ಹೋಲಿಕೆಯನ್ನು ನಿಮ್ಮೆದುರೇ ಮಾಡುವಂತೆ ಕೇಳಿ. ಅವರು ಎಷ್ಟು ಪಳಗಿದವರು ಎಂಬುದು ಅಲ್ಲಿಯೇ ತಿಳಿಯುತ್ತದೆ.

ಇಸ್ಲಾಮಿನ ನಿಯಮಗಳಿಗೆ ಅನುಗುಣವಾಗಿ ಷೇರುಗಳನ್ನು ಆರಿಸುವ ಟಾಟಾ ಎಥಿಕಲ್ ಫಂಡ್, ನಿಫ್ಟಿ 50 ಶರಿಯಾ ಸೂಚ್ಯಂಕವನ್ನು ಅನುಸರಿಸುವ ಇಟಿಎಫ್ (ಷೇರಿನಂತೆ ಪೇಟೆಯಲ್ಲಿ ಕೊಂಡು ಮಾರುವ ಫಂಡ್) ಮೊದಲಾದವು ನಮ್ಮಲ್ಲಿವೆ. ಬ್ಯಾಂಕು, ಮದ್ಯ, ತಂಬಾಕು, ಜೂಜಿನ ಕಂಪನಿಗಳನ್ನೂ ಮಿತಿಮೀರಿ ಸಾಲ ಮಾಡಿರುವ ಕಂಪನಿಗಳನ್ನೂ ಇವು ಹೊರಗಿಡುತ್ತವೆ. ಈ ಫಂಡ್‌ಗಳನ್ನು ಕೊಳ್ಳಲು ಧರ್ಮದ ಕಟ್ಟುಪಾಡಿಲ್ಲ. ಮದ್ಯ ತಂಬಾಕು ಬೇಡವೆನ್ನುವ ಹಿಂದೂ ಅಥವಾ ಜೈನ ಕುಟುಂಬವೂ ಕೊಳ್ಳಬಹುದು, ಆದರೆ ಬ್ಯಾಂಕ್ ಷೇರುಗಳೂ ತಪ್ಪಿಹೋಗುತ್ತವೆ ಎಂಬುದನ್ನು ತಿಳಿದಿರಬೇಕು. ಬ್ಯಾಂಕುಗಳು ಏರಿದ ವರ್ಷ ಇಂಥ ಫಂಡ್ ಹಿಂದೆ ಬೀಳಬಹುದು, ಬ್ಯಾಂಕುಗಳು ಕುಸಿದ ವರ್ಷ ಮುಂದಿರಬಹುದು.

ಬಡ್ಡಿ ಬೇಡವೆನ್ನುವವರ ನಿಜವಾದ ಕಷ್ಟ ಷೇರುಗಳಲ್ಲಿ ಇಲ್ಲ, ಸುರಕ್ಷಿತ ಹಣವನ್ನು ಎಲ್ಲಿಡುವುದು ಎಂಬುದರಲ್ಲಿದೆ. ಬ್ಯಾಂಕ್ ಠೇವಣಿ, ಅಂಚೆ ಕಚೇರಿಯ ಯೋಜನೆ, ಪಿಪಿಎಫ್, ಸರ್ಕಾರಿ ಸಾಲಪತ್ರ ಎಲ್ಲವೂ ಬಡ್ಡಿಯ ಮೇಲೆ ನಿಂತವು. ಸರ್ಕಾರ ಹೊರಡಿಸಿದ್ದ ಚಿನ್ನದ ಬಾಂಡ್‌ಗಳಿಗೂ ಬಡ್ಡಿ ಇದೆ. ಉಳಿಯುವುದು ಷೇರು, ಚಿನ್ನ, ನಿವೇಶನ. ಇವು ಮೂರೂ ಬೆಲೆಯಲ್ಲಿ ಏರಿಳಿಯುವಂಥವು, ನಿವೇಶನವನ್ನಂತೂ ಬೇಕೆಂದ ದಿನ ಮಾರಲಾಗದು. ಹೀಗಾಗಿ ನಿವೃತ್ತಿಗೆ ಹತ್ತಿರವಾದವರಿಗೆ, ಆಸ್ಪತ್ರೆಯ ಖರ್ಚಿಗೆ ಕೈಗೆ ಸಿಗುವ ಹಣ ಬೇಕಾದವರಿಗೆ ವಿಶೇಷ ಯೋಜನೆ ಬೇಕಾಗುತ್ತದೆ: ಚಾಲ್ತಿ ಖಾತೆಯಲ್ಲಿ ಆರು ತಿಂಗಳ ಖರ್ಚು, ಸ್ವಲ್ಪ ಚಿನ್ನದ ಇಟಿಎಫ್, ಬಾಡಿಗೆ ಬರುವ ಕಟ್ಟಡ, ಬೇಡವಾದ ಬಡ್ಡಿ ತಾನಾಗಿ ಸೇರಿದರೆ ಅದನ್ನು ಲೆಕ್ಕ ಹಾಕಿ ದಾನಕ್ಕೆ ತೆಗೆದಿಡುವ ಕ್ರಮ. ಗಲ್ಫ್‌ನಲ್ಲಿ ದುಡಿದು ಭಟ್ಕಳಕ್ಕೋ ಮಂಗಳೂರಿಗೋ ಮರಳುವ ಅನೇಕರಿಗೆ ಈ ಪ್ರಶ್ನೆ ಬಹಳ ದೊಡ್ಡದು. ಶರಿಯಾ ಫಂಡಿನ ಹೆಸರು ಹೇಳಿ ಕೈತೊಳೆದುಕೊಳ್ಳುವ ಸಲಹೆಗಾರರಿಗಿಂತ, ತುರ್ತು ಹಣದ ಬಗ್ಗೆ ಇಷ್ಟು ವಿವರವಾಗಿ ಕೂತು ಯೋಚಿಸುವವರು ಎಷ್ಟೋ ಮೇಲು.

ತಮ್ಮದೇ ಪಟ್ಟಿಯ ಪ್ರಕಾರ ಷೇರುಗಳನ್ನು ಆರಿಸಿಕೊಳ್ಳಬೇಕೆನ್ನುವವರಿಗೆ ಪೋರ್ಟ್‌ಫೋಲಿಯೊ ನಿರ್ವಹಣಾ ಸೇವೆ ಇದೆ, ಇಂಥ ಕಂಪನಿ ಬೇಡವೆಂದು ಒಪ್ಪಂದದಲ್ಲಿಯೇ ಬರೆಸಬಹುದು. ಆದರೆ ಅದಕ್ಕೆ ಕನಿಷ್ಠ ಹೂಡಿಕೆ 50 ಲಕ್ಷ ರೂಪಾಯಿ. ಅಷ್ಟಿಲ್ಲದವರು ಸಲಹೆಗಾರರ ಮಾರ್ಗದರ್ಶನದಲ್ಲಿ ಷೇರುಗಳನ್ನು ಇಡುವ ತಮ್ಮ ಡೀಮ್ಯಾಟ್ ಖಾತೆಯಲ್ಲಿ ಹದಿನೈದು ಇಪ್ಪತ್ತು ಷೇರುಗಳನ್ನು ನೇರವಾಗಿ ಕೊಳ್ಳಬಹುದು, ಅದಕ್ಕೆ ಸಮಯವೂ ಗಟ್ಟಿ ಮನಸ್ಸೂ ಬೇಕು. ದಾನವೇ ಮುಖ್ಯವೆನ್ನುವವರಿಗೆ ತೆರಿಗೆಯ ಮಾತನ್ನೂ ಸಲಹೆಗಾರರು ಹೇಳಬೇಕು: ದಾನಕ್ಕೆ ಸಿಗುವ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗಷ್ಟೇ ಅನ್ವಯಿಸುತ್ತದೆ, 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ ಅಲ್ಲಿಯೂ ಸಿಗುವುದಿಲ್ಲ.

‘ನಮ್ಮವರು’ ಎಂಬ ಒಂದೇ ಕಾರಣಕ್ಕೆ ನಂಬಬೇಡಿ

ಮೌಲ್ಯಗಳ ಹೆಸರಿನಲ್ಲಿ ಬೆಂಗಳೂರು ಕಂಡಿರುವ ನಷ್ಟ ಸಣ್ಣದಲ್ಲ. ಶಿವಾಜಿನಗರದಲ್ಲಿ ಕಚೇರಿ ಹೊಂದಿದ್ದ ಐಎಂಎ ಸಂಸ್ಥೆ, ಬಡ್ಡಿಯಿಲ್ಲದ ಧರ್ಮಸಮ್ಮತ ಲಾಭದ ಮಾತು ಹೇಳಿ, ಹೂಡಿದವರನ್ನು ಪಾಲುದಾರರೆಂದು ಕರೆದು, ಸಾವಿರಾರು ಕುಟುಂಬಗಳಿಂದ ಹಣ ಸಂಗ್ರಹಿಸಿ 2019ರ ಜೂನ್‌ನಲ್ಲಿ ಕುಸಿದುಬಿತ್ತು. ಮಗಳ ಮದುವೆಗೆಂದು, ಹಜ್ ಯಾತ್ರೆಗೆಂದು ಕೂಡಿಟ್ಟ ಹಣ ಕಳೆದುಕೊಂಡವರಲ್ಲಿ ಬಹುಪಾಲು ಜನ ಬಡ್ಡಿಯನ್ನು ಒಲ್ಲದವರು, ಅಂದರೆ ತಮ್ಮ ನಂಬಿಕೆಗೆ ನಿಷ್ಠರಾಗಿದ್ದವರೇ. ಮರುವರ್ಷದ ಜನವರಿಯಲ್ಲಿ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಾಗ, ಬೀದಿಯಲ್ಲಿ ಸಾಲುಗಟ್ಟಿ ನಿಂತವರಲ್ಲಿ ನಿವೃತ್ತ ಹಿರಿಯರೇ ಹೆಚ್ಚು. ಎರಡು ಪ್ರಕರಣಗಳ ಸ್ವರೂಪ ಬೇರೆ, ಸಮುದಾಯಗಳೂ ಬೇರೆ. ಆದರೆ ಎರಡರಲ್ಲೂ ಜನ ಲೆಕ್ಕಪತ್ರಕ್ಕಿಂತ ಮೊದಲು ಹೆಸರನ್ನೂ ಪರಿಚಯವನ್ನೂ ನಂಬಿದ್ದರು.

ಪ್ರಾರ್ಥನಾ ಮಂದಿರದ ಆವರಣದಲ್ಲಿ, ಮಠದ ಕಾರ್ಯಕ್ರಮದಲ್ಲಿ, ಜಾತಿ ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪರಿಚಯವಾದ ಸಲಹೆಗಾರರು ಒಳ್ಳೆಯವರೇ ಆಗಿರಬಹುದು. ಅವರಿಗೂ ಮೇಲೆ ಹೇಳಿದ ಪರಿಶೀಲನೆಯೆಲ್ಲ ಅನ್ವಯವಾಗಲಿ. ಹಣವನ್ನು ತಮ್ಮ ಖಾತೆಗೆ ಹಾಕುವಂತೆ ಕೇಳಿದರೆ, ‘ಲಾಭಾಂಶ’ ಎಂಬ ಹೆಸರಿನಲ್ಲಿ ತಿಂಗಳು ತಿಂಗಳು ನಿಗದಿತ ಮೊತ್ತ ಕೊಡುವುದಾಗಿ ಹೇಳಿದರೆ, ನೋಂದಣಿ ಕೇಳಿದ್ದಕ್ಕೆ ‘ನಮ್ಮವರನ್ನೇ ನಂಬುವುದಿಲ್ಲವೇ’ ಎಂದು ಮರುಪ್ರಶ್ನೆ ಹಾಕಿದರೆ ಅಲ್ಲಿ ಹಣ ಇಡಬೇಡಿ. ನೋಂದಾಯಿತ ಸಲಹೆಗಾರರು ನಿಮ್ಮ ಹೂಡಿಕೆಯ ಹಣವನ್ನು ಮುಟ್ಟುವುದೇ ಇಲ್ಲ. ಅದು ನಿಮ್ಮ ಬ್ಯಾಂಕ್ ಖಾತೆಯಿಂದ ನೇರವಾಗಿ ಫಂಡ್ ಕಂಪನಿಗೋ ನಿಮ್ಮ ಡೀಮ್ಯಾಟ್ ಖಾತೆಯ ವ್ಯವಹಾರಕ್ಕೋ ಹೋಗುತ್ತದೆ.

ಒಪ್ಪಂದದಲ್ಲಿ ಏನಿರಬೇಕು

ಲಿಖಿತ ಒಪ್ಪಂದವಿಲ್ಲದೆ ಶುಲ್ಕ ಪಡೆದು ಸಲಹೆ ಕೊಡುವಂತಿಲ್ಲ. ಸೆಬಿಯ ಮಿತಿಯಂತೆ ಶುಲ್ಕ ಒಂದೋ ಸಲಹೆಗೆ ಒಳಪಟ್ಟ ಆಸ್ತಿಯ ಶೇ. 2.5ರ ಒಳಗಿರಬೇಕು, ಇಲ್ಲವೇ ನಿಗದಿತ ಮೊತ್ತವಾಗಿದ್ದರೆ ಒಂದು ಕುಟುಂಬಕ್ಕೆ ವರ್ಷಕ್ಕೆ 1,51,000 ರೂಪಾಯಿ ಮೀರಬಾರದು. ಇವು ಗರಿಷ್ಠ ಮಿತಿಗಳು, ವಾಡಿಕೆಯ ದರಗಳಲ್ಲ. 20 ಲಕ್ಷದ ಮೇಲೆ ಶೇ. 2.5 ಎಂದರೆ ವರ್ಷಕ್ಕೆ 50,000 ರೂಪಾಯಿ, ಅದು ನನ್ನ ಅಭಿಪ್ರಾಯದಲ್ಲಿ ಹೆಚ್ಚೇ. ಆಸ್ತಿಯ ಗಾತ್ರದ ಮೇಲೆ ಶುಲ್ಕ ಪಡೆಯುವವರಿಗೆ, ನೀವು ದೊಡ್ಡ ಮೊತ್ತವನ್ನು ಊರ ಶಾಲೆಗೆ ದಾನ ಮಾಡಿದರೂ, ಸಾಲ ತೀರಿಸಿದರೂ ತಮ್ಮ ಆದಾಯ ಇಳಿಯುತ್ತದೆ. ದಾನವನ್ನೂ ಸಾಲವಿಲ್ಲದ ಬದುಕನ್ನೂ ಮೌಲ್ಯವಾಗಿ ಇಟ್ಟುಕೊಂಡವರಿಗೆ ನಿಗದಿತ ಶುಲ್ಕವೇ ಹೊಂದುತ್ತದೆ. ಶುಲ್ಕವನ್ನು ನಗದಾಗಿ ಕೊಡಬೇಡಿ.

ನಿಮ್ಮ ನಿಯಮಗಳ ಹಾಳೆ ಒಪ್ಪಂದದ ಅನುಬಂಧವಾಗಿ ಸೇರಬೇಕು. ಯಾವ ಉದ್ದಿಮೆ ಬೇಡ, ಗೆರೆ ಎಲ್ಲಿದೆ, ಕೊಂಡ ಫಂಡಿನೊಳಗೆ ಬೇಡವಾದ ಕಂಪನಿ ಬಂದು ಸೇರಿದರೆ ಎಷ್ಟು ದಿನದೊಳಗೆ ತಿಳಿಸಬೇಕು, ದಾನಕ್ಕೆ ವರ್ಷಕ್ಕೆ ಎಷ್ಟು ತೆಗೆದಿಡಬೇಕು ಎಂಬುದೆಲ್ಲ ಅದರಲ್ಲಿದ್ದು ಇಬ್ಬರೂ ಸಹಿ ಹಾಕಬೇಕು. ಬಾಯಿಮಾತಿನಲ್ಲಿ ಒಪ್ಪಿ ಕಾಗದದಲ್ಲಿ ಬೇಡವೆನ್ನುವವರನ್ನು ಆರಿಸಿಕೊಳ್ಳಬೇಡಿ. ಮಧ್ಯದಲ್ಲಿ ಬಿಡುವುದಾದರೆ ಬಾಕಿ ಅವಧಿಯ ಶುಲ್ಕ ವಾಪಸು ಬರಬೇಕು. ಹೆಚ್ಚೆಂದರೆ ಒಂದು ತ್ರೈಮಾಸಿಕದ ಶುಲ್ಕವನ್ನು ಅವರು ಉಳಿಸಿಕೊಳ್ಳಬಹುದು. ನಿಮ್ಮ ಪರವಾಗಿ ತಾವೇ ವಹಿವಾಟು ನಡೆಸಲು ಅಧಿಕಾರಪತ್ರವನ್ನೋ, ಪಾಸ್‌ವರ್ಡ್, ಒಟಿಪಿಯನ್ನೋ ಕೇಳಿದರೆ ಕೊಡಬೇಡಿ.

ವಿದೇಶದಲ್ಲಿರುವ ಕನ್ನಡಿಗರಿಗೆ

ಅಮೆರಿಕದಲ್ಲಿ ನೆಲೆಸಿ ತೆರಿಗೆ ಕಟ್ಟುವವರು ಊರಿನ ಮ್ಯೂಚುವಲ್ ಫಂಡ್‌ಗಳನ್ನು ಕೊಂಡರೆ, ಅಲ್ಲಿನ ಕಾನೂನು ಅವನ್ನು ವಿದೇಶಿ ನಿಷ್ಕ್ರಿಯ ಹೂಡಿಕೆ ಕಂಪನಿಗಳೆಂದು ಪರಿಗಣಿಸಿ ಭಾರೀ ತೆರಿಗೆ ವಿಧಿಸುತ್ತದೆ, ಪ್ರತಿ ಫಂಡ್‌ಗೂ ಪ್ರತ್ಯೇಕ ಅರ್ಜಿ ತುಂಬಬೇಕಾಗುತ್ತದೆ. ಮೌಲ್ಯಕ್ಕೆ ಹೊಂದುವ ಫಂಡೆಂದು ಊರಿನ ಸಲಹೆಗಾರರು ಹೇಳಿದ್ದು ಅಲ್ಲಿ ತೆರಿಗೆಯ ಹೊರೆಯಾಗಬಹುದು. ಹಾಗಾಗಿ ಎರಡೂ ದೇಶಗಳ ನಿಯಮ ಬಲ್ಲವರನ್ನು, ಇಲ್ಲವೇ ಪರಸ್ಪರ ಮಾತನಾಡಲು ಒಪ್ಪುವ ಇಬ್ಬರನ್ನು ಹುಡುಕಿಕೊಳ್ಳಿ. ಅಮೆರಿಕದ ಸಲಹೆಗಾರರ ಹಿನ್ನೆಲೆಯನ್ನು ಅಲ್ಲಿನ ಷೇರು ಪೇಟೆ ನಿಯಂತ್ರಕ ಸಂಸ್ಥೆ ಎಸ್‌ಇಸಿಯ ಸಾರ್ವಜನಿಕ ಜಾಲತಾಣದಲ್ಲಿ, ಬ್ರಿಟನ್ನಿನವರದನ್ನು ಅಲ್ಲಿನ ಹಣಕಾಸು ನಿಯಂತ್ರಕ ಸಂಸ್ಥೆ ಎಫ್‌ಸಿಎ ದಾಖಲೆಯಲ್ಲಿ ನೋಡಬಹುದು.

ವರ್ಷಕ್ಕೊಮ್ಮೆ ಹಾಳೆಯನ್ನು ಮತ್ತೆ ತೆರೆಯಿರಿ

ಕಂಪನಿಗಳು ಹೊಸ ಉದ್ದಿಮೆಗೆ ಕೈಹಾಕುತ್ತವೆ, ಫಂಡ್‌ಗಳು ಷೇರುಗಳನ್ನು ಬದಲಿಸುತ್ತವೆ, ನಿಮ್ಮ ಮನಸ್ಸೂ ಬದಲಾಗುತ್ತದೆ. ವರ್ಷಕ್ಕೊಮ್ಮೆ ಸಲಹೆಗಾರರ ಜೊತೆ ಕೂತು, ನಿಯಮ ಮುರಿದ ಹೂಡಿಕೆ ಯಾವುದಾದರೂ ಇದೆಯೇ, ನಿಯಮದಿಂದಾಗಿ ಲಾಭ ಎಷ್ಟು ಕಡಿಮೆಯಾಯಿತು ಅಥವಾ ಹೆಚ್ಚಾಯಿತು ಎಂಬುದನ್ನು ಲಿಖಿತವಾಗಿ ಪಡೆಯಿರಿ. ಈ ಲೆಕ್ಕವನ್ನು ಕೇಳದಿದ್ದರೂ ಕೊಡುವವರನ್ನು ಬಿಡಬೇಡಿ.

ಮಾತು ತಪ್ಪಿದರೆ ಮೊದಲು ಅವರಿಗೇ ಲಿಖಿತ ದೂರು ಕೊಡಿ. ಪರಿಹಾರ ಸಿಗದಿದ್ದರೆ ದೂರುಗಳಿಗೆಂದೇ ಇರುವ ಸೆಬಿಯ ಸ್ಕೋರ್ಸ್ ಜಾಲತಾಣದಲ್ಲಿ ದಾಖಲಿಸಿ. 21 ದಿನಗಳೊಳಗೆ ಅವರು ಉತ್ತರಿಸಬೇಕು. ಅಲ್ಲಿಯೂ ಸಮಾಧಾನವಾಗದಿದ್ದರೆ ಸ್ಮಾರ್ಟ್ ಒಡಿಆರ್ ಎಂಬ ಆನ್‌ಲೈನ್ ವಿವಾದ ಪರಿಹಾರ ವೇದಿಕೆಯಲ್ಲಿ ರಾಜಿ ಮತ್ತು ಮಧ್ಯಸ್ಥಿಕೆಗೆ ಹೋಗಬಹುದು. ಸೆಬಿಯ ಶುಲ್ಕರಹಿತ ಸಹಾಯವಾಣಿ 1800 22 7575. ವಿಮೆ ಮಾರಿದ್ದರಲ್ಲಿ ಮೋಸವಾಗಿದ್ದರೆ ಪಾಲಿಸಿ ಕೈಸೇರಿದ 30 ದಿನಗಳೊಳಗೆ ಹಿಂದಿರುಗಿಸುವ ಅವಕಾಶವಿದೆ, ಆ ಅವಧಿ ಮೀರಿದ್ದರೆ ವಿಮಾ ಕಂಪನಿಗೆ ದೂರು ಕೊಟ್ಟು ನಂತರ ಗ್ರಾಹಕರ ದೂರು ಆಲಿಸುವ, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಸಲಹೆಗಾರರನ್ನು ಬದಲಿಸಲು ಹೂಡಿಕೆಗಳನ್ನು ಮಾರಬೇಕಾಗಿಲ್ಲ, ಅವು ನಿಮ್ಮ ಹೆಸರಿನಲ್ಲಿಯೇ ಇರುತ್ತವೆ. ಹಿಂದಿನ ಸಲಹೆಗಾರರು ದಾಖಲೆಗಳನ್ನು ಐದು ವರ್ಷ ಕಾಯ್ದಿಡಬೇಕಾಗಿರುವುದರಿಂದ, ಕೊಟ್ಟ ಸಲಹೆಗಳ ಮತ್ತು ಸಹಿ ಮಾಡಿದ ಅನುಬಂಧದ ಪ್ರತಿಯನ್ನು ಅವರಿಂದ ಪಡೆದು ಹೊಸಬರಿಗೆ ಮೊದಲ ದಿನವೇ ಕೊಡಿ.